ಕಸಕ್ಕೆ ಹೆಪ್ಪು

ಜುಲೈ ಬಂತು ಅಂದರೆ ನೈರೋಬಿಯ ಕನ್ನಡ ಮನೆಗಳಲ್ಲೆಲ್ಲ ಒಂದೇ ದೂರು: ದೋಸೆ ಹಿಟ್ಟು ಉಬ್ಬೋದಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಎದ್ದು ನೋಡಿದರೆ ಇಟ್ಟ ಹಾಗೇ ಕೂತಿರುತ್ತೆ. ನಮ್ಮ ಊರು 1,700 ಮೀಟರಿಗಿಂತ ಎತ್ತರದಲ್ಲಿದೆ. ಈ ತಿಂಗಳಲ್ಲಿ ರಾತ್ರಿ 11-12 ಡಿಗ್ರಿಗೆ ಇಳಿಯುತ್ತೆ. ಹಿಟ್ಟಿನೊಳಗಿನ ಜೀವಾಣುಗಳಿಗೂ ಚಳಿಯೇ. ಕೆಲವರು ಪಾತ್ರೆಗೆ ಕಂಬಳಿ ಸುತ್ತುತ್ತಾರೆ, ಕೆಲವರು ಫ್ರಿಜ್ಜಿನ ಹಿಂದೆ ಬೆಚ್ಚಗಿನ ಮೂಲೆ ಹುಡುಕುತ್ತಾರೆ, ಉಳಿದವರು ಸುಮ್ಮನೆ ಚಪಾತಿ ಮಾಡ್ತಾರೆ.

ಈ ತಿಂಗಳು ನಾವು ಬರೆಯುತ್ತಿರುವುದೂ ಹುದುಗಿನ ವಿಷಯವೇ. ಆದರೆ ತಿನ್ನೋ ಹಿಟ್ಟಿನದಲ್ಲ, ತಿಂದು ಉಳಿದಿದ್ದರದ್ದು. ತರಕಾರಿ ಸಿಪ್ಪೆ, ತಳ ಹಿಡಿದ ಅನ್ನ, ಹಳಸಿದ ಪಲ್ಯ, ಚಹಾದ ಚರಟ, ಮೊಟ್ಟೆ ಚಿಪ್ಪು, ಮೀನಿನ ತಲೆ. ಇವಕ್ಕೆ ಹಾಲಿಗೆ ಹಾಕಿದ ಹಾಗೆ ಹೆಪ್ಪು ಹಾಕಿ, ಬಾಯಿ ಬಿಗಿದ ಬಕೆಟ್ಟಿನಲ್ಲಿ ಹುಳಿ ಬರಿಸಿ, ಆಮೇಲೆ ಮಣ್ಣಿಗೆ ಸೇರಿಸೋದು. ಜಪಾನಿನವರು ಇದಕ್ಕೆ ಬೊಕಾಶಿ ಅಂತಾರೆ. ಈ ಪತ್ರಿಕೆ ತರುವ ನಾವು ಏಳು ಜನ ಎಂಬಕಾಸಿ ಕಡೆ ಒಂದೇ ಮನೆಯಲ್ಲಿದ್ದೇವೆ. ಒಂದು ವರ್ಷದಿಂದ ಇದನ್ನು ಮಾಡುತ್ತಾ ಬಂದಿದ್ದೇವೆ. ಬಂದು ನೋಡಿದ ಕೆಲವರು ಬರೆದು ಕೊಡಿ ಅಂದಿದ್ದಕ್ಕೆ ಬರೆಯುತ್ತಿದ್ದೇವೆ.

ಮೊದಲು, ನಾವು ಎಸೆದದ್ದು ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಿರಬೇಕು. ಬಾಡಿಗೆಯ ಜೊತೆಗೇ ಕಸದ ದುಡ್ಡು ಕೊಡ್ತೀವಿ, ವಾರಕ್ಕೊಂದು ಸಲ ಲಾರಿ ಬರುತ್ತೆ, ಚೀಲ ಎತ್ತಿಕೊಂಡು ಹೋಗುತ್ತೆ. ಅಲ್ಲಿಗೆ ನಮ್ಮ ಲೆಕ್ಕ ಮುಗೀತು ಅಂದುಕೊಳ್ತೀವಿ. ಲಾರಿಗಳಲ್ಲಿ ಬಹುಪಾಲು ಹೋಗೋದು ಡಂಡೋರಾಕ್ಕೆ. 1975ರಲ್ಲಿ ಶುರುವಾದ ಆ ತಿಪ್ಪೆ 2001ರಲ್ಲೇ ತುಂಬಿತು ಅಂತ ಘೋಷಣೆಯಾಗಿತ್ತು. ಆದರೂ ಇವತ್ತಿಗೂ ಅಲ್ಲಿಗೇ ಸುರೀತಾರೆ. ನೈರೋಬಿ ನದಿ ಅದರ ಪಕ್ಕದಲ್ಲೇ ಹರಿಯುತ್ತೆ. ಉದ್ದ ಕೊಕ್ಕಿನ ಮಾರಬು ಕೊಕ್ಕರೆಗಳು, ಹಂದಿಗಳು, ಅವುಗಳ ನಡುವೆ ಕೊಕ್ಕೆ ಹಿಡಿದು ಕಸ ಕೆದಕೋ ಹೆಂಗಸರು, ಹುಡುಗರು. ನಗರದಲ್ಲಿ ದಿನಕ್ಕೆ ಸುಮಾರು 2,400 ಟನ್ ಕಸ ಹುಟ್ಟುತ್ತೆ ಅನ್ನೋದು ಎಲ್ಲರೂ ಹೇಳುವ ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆಯುವಂಥದ್ದು, ಅಂದರೆ ಅಡುಗೆಮನೆ ಮತ್ತು ಮಾರುಕಟ್ಟೆಯದ್ದು.

ಗಿಗಿರಿಯಲ್ಲಿ ಮುಖ್ಯ ಕಚೇರಿ ಇರುವ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2007ರಲ್ಲಿ ಡಂಡೋರಾದ ಬಗ್ಗೆ ಒಂದು ವರದಿ ಹೊರಡಿಸಿತು. ಸುತ್ತಮುತ್ತಲಿನ 328 ಮಕ್ಕಳನ್ನು ಪರೀಕ್ಷೆ ಮಾಡಿದಾಗ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿತ್ತು. ಸೀಸ ಬಾಳೆಹಣ್ಣಿನ ಸಿಪ್ಪೆಯಿಂದ ಬಂದದ್ದಲ್ಲ. ಬ್ಯಾಟರಿ, ಬಣ್ಣ, ಎಲೆಕ್ಟ್ರಾನಿಕ್ ಚೂರುಗಳಿಂದ ಬರುವಂಥದ್ದು. ಆದರೆ ಬಾಳೆಸಿಪ್ಪೆಯೂ ಬ್ಯಾಟರಿಯೂ ಒಂದೇ ಚೀಲದಲ್ಲಿ ಹೋದ ಮೇಲೆ ಆ ಸಿಪ್ಪೆ ಗೊಬ್ಬರವಾಗೋ ಯೋಗ್ಯತೆ ಕಳೆದುಕೊಂಡಿತು. ಅದನ್ನು ಬೇರೆ ಮಾಡೋದಕ್ಕೆ ಯಂತ್ರ ಇಲ್ಲ, ಇರೋದು ಯಾರದೋ ಬರಿಗೈ. ನಮಗೆ ಮುಖ್ಯ ಅನ್ನಿಸಿದ್ದು ಇದೇ. ಸಿಪ್ಪೆಯಲ್ಲಿರೋ ಸತ್ವ ಉಳಿಸಿಕೊಳ್ಳೋಕೆ ಸಿಗೋದು ಒಂದೇ ಸಂದರ್ಭ. ಅದು ಹೆಚ್ಚುವ ಮಣೆಯಿಂದ ಬುಟ್ಟಿಗೆ ಬೀಳೋ ಹೊತ್ತು. ಕೀನ್ಯಾದ 2022ರ ತ್ಯಾಜ್ಯ ನಿರ್ವಹಣಾ ಕಾನೂನೂ ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಬೇಕು ಅಂತಲೇ ಹೇಳುತ್ತೆ. ನಮ್ಮ ಬೀದಿಗೆ ಬರೋ ಲಾರಿಗೆ ಮಾತ್ರ ಅದಿನ್ನೂ ಗೊತ್ತಾದ ಹಾಗಿಲ್ಲ. ಬೇರೆ ಮಾಡಿ ಕೊಟ್ಟರೂ ಎರಡನ್ನೂ ಒಂದೇ ಕಡೆ ಎಸೀತಾರೆ.

ಎಷ್ಟು ಸತ್ವ ಇದೆ ಅದರಲ್ಲಿ? ಒಂದು ಕೈಲೆಕ್ಕ ಹಾಕೋಣ. ನಮ್ಮ ಮನೆಯಲ್ಲಿ 20 ಲೀಟರಿನ ಬಕೆಟ್ ತುಂಬಿದರೆ ಸುಮಾರು 12 ಕಿಲೋ ಬರುತ್ತೆ. ಅಡುಗೆ ಕಸದಲ್ಲಿ ಮುಕ್ಕಾಲು ಪಾಲು ನೀರು, ಒಣ ಭಾಗ 3 ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ 2ರಿಂದ 3 ಅಂತ ಹಿಡಿದರೆ 60ರಿಂದ 90 ಗ್ರಾಂ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಇರುತ್ತೆ. ಹಾಗಾಗಿ ಒಂದು ಬಕೆಟ್ ಕಸ ಅಂದರೆ 130ರಿಂದ 200 ಗ್ರಾಂ ಯೂರಿಯಾ, ಎರಡು ಮೂರು ಹಿಡಿ ಅಷ್ಟೇ. ಜೊತೆಗೆ ಒಂದಿಷ್ಟು ರಂಜಕ, ಪೊಟ್ಯಾಷ್. ಇದನ್ನು ನಾವು ಮೊದಲೇ ಹೇಳಿಬಿಡೋದು ಒಳ್ಳೆಯದು, ಯಾಕೆಂದರೆ ಈ ವಿಷಯ ಮಾತಾಡೋರು ಬಕೆಟ್ಟಿನಲ್ಲಿ ಬಂಗಾರ ಇದೆ ಅನ್ನೋ ಥರ ಮಾತಾಡ್ತಾರೆ. ಒಂದು ಬಕೆಟ್ ಒಂದು ಗೊಬ್ಬರದ ಚೀಲಕ್ಕೆ ಸಮ ಅಲ್ಲ.

ಅದೇ ಲೆಕ್ಕವನ್ನು ಊರಿಗೆ ಹಾಕಿ ನೋಡಿ. 2,400 ಟನ್ನಿನಲ್ಲಿ ಅರ್ಧ, 1,200 ಟನ್ ಹಸಿ ಕಸ. ಕಾಲು ಭಾಗ ಒಣಗಿದ್ದು, 300 ಟನ್. ಕಮ್ಮಿ ಅಂದರೂ ನೂರಕ್ಕೆ 2 ಸಾರಜನಕ, 6 ಟನ್. ಯೂರಿಯಾಕ್ಕೆ ಹೋಲಿಸಿದರೆ 13 ಟನ್, ಅಂದರೆ 50 ಕಿಲೋದ 260 ಚೀಲ. ಪ್ರತಿದಿನ. ಇದು ಕೊಳೆತು ನಾರೋದಕ್ಕೂ ನದಿಗೆ ಇಳಿಯೋದಕ್ಕೂ ಬಿಟ್ಟು, ಈ ದೇಶ ಹಡಗಿನಲ್ಲಿ ಗೊಬ್ಬರ ತರಿಸುತ್ತೆ. 2022ರಲ್ಲಿ ಇಲ್ಲಿ 50 ಕಿಲೋ ಚೀಲ 6,000 ಶಿಲ್ಲಿಂಗ್ ದಾಟಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸರ್ಕಾರ ಸಬ್ಸಿಡಿ ಕೊಟ್ಟು ಆ ವರ್ಷ ಸೆಪ್ಟೆಂಬರಿನಲ್ಲಿ 3,500ಕ್ಕೆ, ಮರುವರ್ಷ 2,500ಕ್ಕೆ ಇಳಿಸಿತು. 2024ರಲ್ಲಿ ಸಬ್ಸಿಡಿ ಚೀಲಗಳಲ್ಲೇ ಕಳಪೆ ಮಾಲು ಸಿಕ್ಕಿ ದೊಡ್ಡ ಗದ್ದಲವಾಯಿತು. ನಮ್ಮ ಊರಿನಲ್ಲೂ ಯೂರಿಯಾಕ್ಕೆ ಸೊಸೈಟಿ ಮುಂದೆ ಪಾಳಿ ಹಚ್ಚೋದು ಹೊಸದೇನಲ್ಲ. ಮನೆಗೆ ಫೋನ್ ಮಾಡಿದಾಗ ಮಳೆ ಆಯ್ತಾ ಅನ್ನೋದರ ಹಿಂದೆಯೇ ಗೊಬ್ಬರ ಸಿಕ್ತಾ ಅಂತ ಕೇಳುವವರು ನಾವು.

ಇನ್ನು ಕಸವನ್ನು ಹುದುಗು ಬರಿಸೋ ವಿದ್ಯೆ. ಇದನ್ನು ಜಪಾನಿನದು ಅಂದೆವು. ಸೂಕ್ಷ್ಮಜೀವಿಗಳ ಮಿಶ್ರಣವನ್ನು ಬಾಟಲಿಯಲ್ಲಿ ತಂದವರು ಒಕಿನಾವಾದ ರ‍್ಯೂಕ್ಯೂ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರೊಫೆಸರ್ ತೆರುವೊ ಹಿಗಾ, 1980ರ ದಶಕದಲ್ಲಿ. ಆದರೆ ಊರಿನ ಕಸವನ್ನು ಗಾಳಿ ತಾಕದ ಹಾಗೆ ಮುಚ್ಚಿ ಕಳಿಸಿದರೆ ಸಾರಜನಕ ಉಳಿಯುತ್ತೆ ಅನ್ನೋ ಲೆಕ್ಕಾಚಾರಕ್ಕೆ ನಮ್ಮ ಊರಿನದೇ ಹೆಸರಿದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅನ್ನೋ ವಿಜ್ಞಾನಿ ಇದನ್ನು ರೂಪಿಸಿದರು. ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಇವತ್ತಿಗೂ ಇದನ್ನು 'ಬೆಂಗಳೂರು ವಿಧಾನ' ಅಂತಲೇ ಕರೀತಾರೆ. ಅದಕ್ಕೆ ಮುಂಚೆ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಬೇರೆ ವಿಧಾನ ಮಾಡಿದ್ದರು. ಅದರಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಿ ಹಾಕಬೇಕು. ಆಚಾರ್ಯರದು ಮಗುಚೋದೇ ಬೇಡ. ಸುಮಾರು ಒಂದು ಮೀಟರ್ ಆಳದ ಗುಂಡಿ, ಊರ ಕಸ ಒಂದು ಪದರ, ಮಲ ಒಂದು ಪದರ, ಮೇಲೆ ಕೆಸರು ಮೆತ್ತಿ ಬಿಟ್ಟುಬಿಡೋದು. ಮೊದಲ ಕೆಲವು ದಿನ ಒಳಗಿದ್ದ ಗಾಳಿಯಲ್ಲಿ ಬಿಸಿಯಾಗಿ ಕಳಿಯುತ್ತೆ, ಆಮೇಲೆ ಗಾಳಿ ಇಲ್ಲದೆ ನಿಧಾನಕ್ಕೆ. ಆರರಿಂದ ಎಂಟು ತಿಂಗಳು ಬೇಕು. ಆದರೆ ನೊಣ ಕಮ್ಮಿ, ಆಳು ಕಮ್ಮಿ, ಗಾಳಿಗೆ ಹಾರಿ ಹೋಗೋ ಸಾರಜನಕವೂ ಕಮ್ಮಿ.

ಹೆಮ್ಮೆ ಪಡೋ ವಿಷಯವೇ. ಆದರೆ ಆ ಗುಂಡಿಗಳಿಗೆ ಮಲ ಹೊತ್ತು ತಂದವರು ಯಾರು ಅಂತ ಯಾವ ಕೃಷಿ ಪುಸ್ತಕವೂ ಬರೆಯೋದಿಲ್ಲ. ತಲೆ ಮೇಲೆ ಮಲ ಹೊರೋ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧ ಮಾಡಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಇನ್ನೊಬ್ಬರ ಎಂಜಲು, ಮುಸುರೆ, ಹೊಲಸು ಮುಟ್ಟೋದು ಯಾರ ಕೆಲಸ ಅನ್ನೋ ಪ್ರಶ್ನೆ ನಮ್ಮನ್ನು ಸಮುದ್ರ ದಾಟಿ ಬಂದರೂ ಬಿಟ್ಟಿಲ್ಲ. ಬಕೆಟ್ ಶುರು ಮಾಡಿದ ದಿನ ನಮ್ಮ ಮನೆಯಲ್ಲೇ ಈ ಮಾತು ಬಂತು. ಊಟ ಬಿಟ್ಟ ತಟ್ಟೆಯಿಂದ ಬಳಿದು ಹಾಕೋದಕ್ಕೆ ಒಬ್ಬಿಬ್ಬರಿಗೆ ಕೈ ಬರಲಿಲ್ಲ. ಮೀನು ತಿನ್ನೋರ ಮುಳ್ಳು, ತಿನ್ನದೋರ ಸಿಪ್ಪೆ ಒಂದೇ ಬಕೆಟ್ಟಿಗಾ ಅಂತಲೂ ಕೇಳಿದರು. ಕೊನೆಗೆ ಮಂಡ್ಯ ಕಡೆಯ ನಮ್ಮ ಅಣ್ಣ ಒಬ್ಬರು, "ನಮ್ಮನೇಲಿ ಕಲಗಚ್ಚು ಮಡಗ್ತಿರ್ಲಿಲ್ವಾ? ಅಕ್ಕಿ ತೊಳೆದ ನೀರು, ಗಂಜಿ, ಸಿಪ್ಪೆ ಎಲ್ಲ ಒಂದೇ ಬಾನಿಗೆ. ಹಸ ಕುಡೀತಿರ್ಲಿಲ್ವಾ? ಇಲ್ಲಿ ಹಸ ಇಲ್ಲ, ಬಕೆಟ್ ಅದೆ, ಅಷ್ಟೇ" ಅಂದರು. ಅಲ್ಲಿಗೆ ಒಂದು ನಿಯಮ ಆಯಿತು: ಯಾರು ಉಂಡರೋ ಅವರೇ ಬಳಿದು ಹಾಕೋದು, ಬಕೆಟ್ ಎತ್ತೋದು ವಾರಕ್ಕೊಬ್ಬರು. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಆ ಕೆಲಸ ಹೇಳೋ ಹಾಗಿಲ್ಲ.

ಹುಳಿ ಯಾಕೆ ಬೇಕು ಅಂದರೆ, ಕಸ ಕೊಳೆಯೋದು ಬೇರೆ, ಹುಳಿ ಬರೋದು ಬೇರೆ. ತೆರೆದ ಬುಟ್ಟಿಯಲ್ಲಿ ಕೊಳೆಯುವಾಗ ಸಾರಜನಕದ ದೊಡ್ಡ ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಮೂಗಿಗೆ ಹೊಡೆಯೋ ಆ ಘಾಟು ಅಂದರೆ ಗೊಬ್ಬರ ಹಾರಿ ಹೋಗ್ತಾ ಇದೆ ಅಂತಲೇ ಅರ್ಥ. ಗಾಳಿ ಆಡದ ಬಕೆಟ್ಟಿನಲ್ಲಿ ಮೊಸರಿನ ಜಾತಿಯ ಬ್ಯಾಕ್ಟೀರಿಯಾ ಸೇರಿದರೆ ಅವು ಸಕ್ಕರೆ, ಪಿಷ್ಟ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದರೆ ಕೊಳೆಸುವ ಬ್ಯಾಕ್ಟೀರಿಯಾಗಳ ಆಟ ನಿಲ್ಲುತ್ತೆ. ಹುಳಿಯಲ್ಲಿ ಅಮೋನಿಯಾ ಆವಿಯಾಗದೆ ಒಳಗೇ ಕಟ್ಟಿಬೀಳುತ್ತೆ. ರಂಜಕ ಹೇಗೂ ಹಾರೋ ವಸ್ತು ಅಲ್ಲ. ಪೊಟ್ಯಾಷ್ ನೀರಿಗೆ ಇಳಿಯುತ್ತೆ, ಅದಕ್ಕೇ ತಳದ ರಸವನ್ನು ಚೆಲ್ಲಬಾರದು ಅನ್ನೋದು. ಒಟ್ಟಿನಲ್ಲಿ ಉಪ್ಪಿನಕಾಯಿ ಹಾಕಿದ ಹಾಗೆ. ಎರಡು ವಾರ ಆದ ಮೇಲೂ ಸಿಪ್ಪೆ ಸಿಪ್ಪೆಯಾಗೇ ಕಾಣುತ್ತೆ, ಬಣ್ಣ ಸ್ವಲ್ಪ ಮಾಸಿರುತ್ತೆ, ವಾಸನೆ ಹುಳಿ ಹುಳಿ. ಇದಿನ್ನೂ ಗೊಬ್ಬರ ಅಲ್ಲ. ಮಣ್ಣಿನಲ್ಲಿ ಬೇಗ ಕರಗೋದಕ್ಕೆ ತಯಾರಾಗಿರೋ ಉಪ್ಪಿನಕಾಯಿ.

ಈಗ ಹೆಪ್ಪು ಮಾಡೋ ಕ್ರಮ. ಅಂಗಡಿಯ ಬಾಟಲಿ ಬೇಕಿಲ್ಲ. ಅಕ್ಕಿ ತೊಳೆದ ಮೊದಲ ನೀರನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿ, ಬಟ್ಟೆ ಕಟ್ಟಿ, ಮೂರು ದಿನ ಬಿಡಿ. ಈ ಚಳಿಯಲ್ಲಿ ಐದು ದಿನ ಹಿಡಿಯುತ್ತೆ. ಸಣ್ಣಗೆ ಹುಳಿ ವಾಸನೆ ಬಂದಾಗ ಅದರ ಒಂದು ಪಾಲಿಗೆ ಹತ್ತು ಪಾಲು ಹಾಲು ಸೇರಿಸಿ ಮತ್ತೆ ಒಂದು ವಾರ ಇಡಿ. ಮೇಲೆ ಗಟ್ಟಿ ಗಡ್ಡೆ ಕಟ್ಟುತ್ತೆ, ಕೆಳಗೆ ತಿಳಿ ಹಳದಿ ನೀರು ನಿಲ್ಲುತ್ತೆ. ಆ ನೀರೇ ಹೆಪ್ಪು. ಸೋಸಿ, ಅಷ್ಟೇ ತೂಕದ ಕಾಕಂಬಿ ಅಥವಾ ಬೆಲ್ಲ ಹಾಕಿ ಇಟ್ಟರೆ ತಿಂಗಳುಗಟ್ಟಲೆ ಕೆಡೋದಿಲ್ಲ. ಕಾಕಂಬಿಯನ್ನು ಇಲ್ಲಿನ ಅಗ್ರೋವೆಟ್ ಅಂಗಡಿಗಳಲ್ಲಿ ದನಕ್ಕೆ ಅಂತ ಮಾರುತ್ತಾರೆ. ಬೆಲ್ಲಕ್ಕೆ ಸುಕಾರಿ ನ್ಗುರು ಅಂದರೆ ಸಿಗುತ್ತೆ. ಅದೇ ಅಗ್ರೋವೆಟ್ಟಿನಲ್ಲಿ ಗೋಧಿ ಬೂಸಾನೂ ಇರುತ್ತೆ.

ಒಂದು ಕಿಲೋ ಬೂಸಾಕ್ಕೆ ಎರಡು ಚಮಚ ಹೆಪ್ಪು, ಎರಡು ಚಮಚ ಕಾಕಂಬಿ, ನೀರಿನಲ್ಲಿ ಕಲಸಿ ಹಾಕಿ. ಎಷ್ಟು ನೀರು ಅಂದರೆ, ಕೈಯಲ್ಲಿ ಹಿಡಿದರೆ ಮುದ್ದೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಗಾಳಿ ಹೋಗದ ಹಾಗೆ ಚೀಲದಲ್ಲಿ ಒತ್ತಿ ಕಟ್ಟಿ ಎರಡು ವಾರ ಇಡಿ, ಆಮೇಲೆ ನೆರಳಲ್ಲಿ ಒಣಗಿಸಿ. ಇದು ಒಂದು ಸಲ ಮಾಡಿಟ್ಟರೆ ಕೆಲವು ತಿಂಗಳು ಬರುತ್ತೆ.

ಬಕೆಟ್ಟಿಗೆ ಹೋಟೆಲಿನವರ ಹತ್ತಿರ ಕೇಳಿ. ಅಡುಗೆ ಕೊಬ್ಬಿನ 20 ಲೀಟರಿನ ಖಾಲಿ ಬಕೆಟ್, ಬಿಗಿ ಮುಚ್ಚಳದ್ದು, ಕಮ್ಮಿಗೆ ಕೊಡ್ತಾರೆ. ಸೈಟಿನಲ್ಲಿ ಸುಲಭಕ್ಕೆ ಸಿಗುತ್ತೆ ಅಂತ ಬಣ್ಣದ ಬಕೆಟ್ ಬಳಸೋದು ನಮಗೆ ಸರಿ ಕಾಣೋದಿಲ್ಲ. ಎರಡು ಬಕೆಟ್ ತಗೊಂಡು ಒಂದರ ತಳಕ್ಕೆ ಸಣ್ಣ ತೂತು ಹಾಕಿ ಇನ್ನೊಂದರೊಳಗೆ ಇಳಿಸಿದರೆ ರಸ ಕೆಳಗೆ ಇಳಿಯುತ್ತೆ, ನಲ್ಲಿ ಬೇಕಿಲ್ಲ. ತಳಕ್ಕೆ ಒಂದು ಹಿಡಿ ಬೂಸಾ, ಮೇಲೆ ಎರಡು ಬೆರಳು ದಪ್ಪ ಕಸ, ಮತ್ತೆ ಒಂದು ಹಿಡಿ ಬೂಸಾ. ಮೀನು, ಮಾಂಸ ಇದ್ದ ದಿನ ಎರಡು ಹಿಡಿ. ಪ್ರತಿ ಸಲವೂ ತಟ್ಟೆಯಿಂದ ಚೆನ್ನಾಗಿ ಒತ್ತಿ ಮುಚ್ಚಳ ಬಿಗಿ ಮಾಡಬೇಕು. ದಿನಕ್ಕೆ ಹತ್ತು ಸಲ ತೆರೆಯೋದಲ್ಲ. ಅಡುಗೆಮನೆಯಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಂಡು ರಾತ್ರಿ ಒಂದೇ ಸಲ ಸುರಿಯೋದು. ಸಾರು, ಮಜ್ಜಿಗೆಯಂಥ ನೀರು ಪದಾರ್ಥ ಬೇಡ. ದಪ್ಪ ಮೂಳೆ ಬೇಡ. ಹಸಿರು ಬೂಷ್ಟು ಹಿಡಿದ ಬ್ರೆಡ್ ಬೇಡ. ಊರಿಂದ ಬಂದ ಉಪ್ಪಿನಕಾಯಿ ಹಾಳಾಯ್ತು ಅಂತ ಜಾಡಿಗಟ್ಟಲೆ ಸುರಿಯೋದು ಖಂಡಿತ ಬೇಡ. ಯಾಕೆ ಅಂತ ಮುಂದೆ ಹೇಳ್ತೀವಿ. ಬಕೆಟ್ ತುಂಬಿದ ಮೇಲೆ ಎರಡು ವಾರ, ಜುಲೈ-ಆಗಸ್ಟಿನಲ್ಲಿ ಮೂರು ವಾರ, ಮುಟ್ಟಬೇಡಿ. ಮೇಲೆ ಬಿಳಿ ಬೂಷ್ಟು ಬಂದರೆ ಸಂತೋಷ. ಕಪ್ಪು, ಹಸಿರು ಬಂದರೆ ಅಥವಾ ಕೊಳೆತ ವಾಸನೆ ಬಂದರೆ ಮುಚ್ಚಳ ಸಡಿಲ ಇದೆ, ಇಲ್ಲವೇ ನೀರು ಜಾಸ್ತಿ ಆಗಿದೆ.

ತಳದ ರಸ ಎರಡು ದಿನಕ್ಕೊಮ್ಮೆ ತೆಗೀಬೇಕು. ಒಂದು ಪಾಲಿಗೆ ನೂರು ಪಾಲು ನೀರು, ಅಂದರೆ ಒಂದು ದೊಡ್ಡ ಚಮಚಕ್ಕೆ ಒಂದೂವರೆ ಲೀಟರ್. ಹಾಗೇ ಗಿಡಕ್ಕೆ ಹೊಯ್ದರೆ ಬೇರು ಸುಟ್ಟುಹೋಗುತ್ತೆ. ಇಟ್ಟರೆ ನಾರುತ್ತೆ, ಅವತ್ತಿನದು ಅವತ್ತೇ ಬಳಸಿ. ಎಲೆ ಮೇಲೆ ಬೇಡ, ಬುಡಕ್ಕೆ ಮಾತ್ರ, ಅದರಲ್ಲೂ ಹಸಿಯಾಗಿ ತಿನ್ನೋ ಸೊಪ್ಪಿಗೆ.

ಹುಳಿ ಬಂದ ಕಸವನ್ನು ಮಣ್ಣಿಗೆ ಸೇರಿಸೋ ವಿಷಯಕ್ಕೆ ಬಂದರೆ, ನೈರೋಬಿಯಲ್ಲಿ ನೀವು ಎಲ್ಲಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. ಗದಗಿನ ನಮ್ಮ ಗೆಳೆಯ ಒಬ್ಬ ಮೊದಲ ಸಲ ಆಥಿ ರಿವರಿನ ಕ್ಯಾಂಪಿಗೆ ಬಂದಾಗ ಬೂಟಿಗೆ ಮೆತ್ತಿದ ಮಣ್ಣು ನೋಡಿ, "ಇದು ನಮ್ಮ ಎರಿ ಹೊಲಾನ ಐತಲ್ಲೋ" ಅಂದಿದ್ದ. ಸರಿಯಾಗಿಯೇ ಹೇಳಿದ. ಎಂಬಕಾಸಿ, ಸ್ಯೋಕಿಮಾವು, ಆಥಿ ರಿವರ್, ಕಿಟೆಂಗೆಲಾ ಕಡೆಯದು ಅದೇ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಅಂಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಕಾಂಟ್ರಾಕ್ಟರುಗಳು ಇದನ್ನು ಬೈಕೊಂಡು ಅಗೆದು ಹೊರಗೆ ಹಾಕಿಸೋದು ನಮ್ಮಲ್ಲಿ ಸೈಟ್ ಕೆಲಸದವರಿಗೆಲ್ಲ ಗೊತ್ತು. ಅದೇ ವೆಸ್ಟ್‌ಲ್ಯಾಂಡ್ಸ್, ಕಿಕುಯು, ಲಿಮುರು ಕಡೆ ಹೋದರೆ ಮಲೆನಾಡಿನಂಥ ಕೆಂಪು ಮಣ್ಣು. ಅದು ನೋಡೋಕೆ ಚೆಂದ, ಉಳೋಕೆ ಹಗುರ, ಆದರೆ ಸ್ವಭಾವದಲ್ಲೇ ಹುಳಿ, ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡೋದಿಲ್ಲ.

ಎರಡಕ್ಕೂ ಬೇಕಾಗಿರೋದು ಸಾವಯವ ಅಂಶವೇ. ಎರೆ ಮಣ್ಣಿನಲ್ಲಿ ಅದು ಹೆಂಟೆಯನ್ನು ಸಡಿಲ ಮಾಡುತ್ತೆ, ಗಾಳಿ ನೀರಿಗೆ ದಾರಿ ಬಿಡುತ್ತೆ. ಕೆಂಪು ಮಣ್ಣಿನಲ್ಲಿ ನೀರು ಹಿಡಿದಿಡುತ್ತೆ, ರಂಜಕ ಸಿಗೋದನ್ನು ಸ್ವಲ್ಪ ಸುಲಭ ಮಾಡುತ್ತೆ. ಎರಡು ಹಿಡಿ ಯೂರಿಯಾಕ್ಕೆ ಆಗದ ಕೆಲಸ ಇದು. ಬಕೆಟ್ಟಿನ ನಿಜವಾದ ಬೆಲೆ ಇರೋದು ಇಲ್ಲೇ. ಉಪ್ಪಿನಕಾಯಿ ಬೇಡ ಅಂದಿದ್ದೂ ಇದಕ್ಕೇ: ಉಪ್ಪಿನ ಸೋಡಿಯಂ ಸೇರಿದರೆ ಎರೆ ಮಣ್ಣು ಮತ್ತಷ್ಟು ಬಿಗಿದು ಗಾರೆಯ ಹಾಗೆ ಆಗುತ್ತೆ. ನಾವು ಅಡುಗೆಗೆ ಹಾಕೋ ಉಪ್ಪೇ ಸಾಕಷ್ಟು ಇರುತ್ತೆ. ಅದಕ್ಕೇ ಒಂದೇ ಜಾಗದಲ್ಲಿ ವರ್ಷವಿಡೀ ಹೂಳದೆ ಜಾಗ ಬದಲಿಸುತ್ತೀವಿ.

ಒಂದೂವರೆ ಗೇಣು ಆಳದ ಕಾಲುವೆ, ಅದರಲ್ಲಿ ಒಂದು ಪಾಲು ಹುಳಿ ಕಸಕ್ಕೆ ಎರಡು ಪಾಲು ಮಣ್ಣು ಕಲಸಿ, ಮೇಲೆ ಒಂದು ಗೇಣು ಮಣ್ಣು ಮುಚ್ಚಬೇಕು. ಕಮ್ಮಿ ಮುಚ್ಚಿದರೆ ನಾಯಿ ಕೆದಕುತ್ತೆ. ಬೆಚ್ಚಗಿನ ದಿನಗಳಲ್ಲಿ ಎರಡು ವಾರ, ಚಳಿಯಲ್ಲಿ ನಾಲ್ಕು ವಾರ ಬಿಟ್ಟು ಸಸಿ ನೆಡಿ; ಅಷ್ಟರಲ್ಲಿ ಹುಳಿ ಇಳಿದು ಸಿಪ್ಪೆ ಗುರುತು ಸಿಗದ ಹಾಗೆ ಕರಗಿರುತ್ತೆ. ನದಿ ದಂಡೆಯ ಮಣ್ಣು, ಕಸದ ಗುಡ್ಡೆ ಪಕ್ಕದ ಮಣ್ಣು ತರಬೇಡಿ. ಮೇಲೆ ಹೇಳಿದ ಸೀಸ ಅಲ್ಲೇ ಇರೋದು.

ನೆಲ ಇಲ್ಲದ ಮನೆಗೆ ಗುನಿಯಾ ಇದೆ. ಗುನಿಯಾ ಅಂದರೆ ಸ್ವಾಹಿಲಿಯಲ್ಲಿ ದೊಡ್ಡ ಚೀಲ, ನಮ್ಮ 'ಗೋಣಿ'ಯ ನೆಂಟನೇ ಇರಬೇಕು. 2007ರ ಚುನಾವಣೆಯ ಬೆನ್ನಿಗೆ ನಡೆದ ಗಲಭೆಯ ನಂತರ, 2008ರಲ್ಲಿ, ಸಾಲಿಡಾರಿತೆ ಅನ್ನೋ ಫ್ರೆಂಚ್ ಸಂಸ್ಥೆ ಕಿಬೇರಾ, ಮಥಾರೆ ಕಡೆ ಸಾವಿರಾರು ಮನೆಗಳಿಗೆ ಚೀಲದಲ್ಲಿ ಸುಕುಮಾ ವಿಕಿ ಬೆಳೆಯೋದನ್ನು ಹೇಳಿಕೊಟ್ಟಿತು. ನಡುವೆ ಕಲ್ಲಿನ ಕಂಬದ ಹಾಗೆ ಜಲ್ಲಿ ತುಂಬಿ, ಸುತ್ತ ಮಣ್ಣು, ಚೀಲದ ಮೈಗೆಲ್ಲ ತೂತು ಮಾಡಿ ಸಸಿ. ಒಂದು ಚೀಲದಲ್ಲಿ ಡಜನ್‌ಗಟ್ಟಲೆ ಗಿಡ. ಇವತ್ತಿಗೂ ಎಷ್ಟೋ ಮನೆಗಳ ಬಾಗಿಲಲ್ಲಿ ಕಾಣುತ್ತೆ. ನೈರೋಬಿ ಕೌಂಟಿ 2015ರಲ್ಲಿ ನಗರದೊಳಗಿನ ಕೃಷಿಗೆ ಅಂತಲೇ ಕಾನೂನು ಮಾಡಿದೆ, ಹಾಗಾಗಿ ಇದು ಕದ್ದು ಮಾಡೋ ಕೆಲಸ ಅಲ್ಲ. ಮನೆ ಮಾಲೀಕರ ಒಪ್ಪಿಗೆ ಮಾತ್ರ ಬೇಕು.

ನಮ್ಮ ಬಕೆಟ್ಟಿನದೂ ಬಹುಪಾಲು ಗುನಿಯಾಕ್ಕೇ ಹೋಗುತ್ತೆ, ಆದರೆ ನಮ್ಮದಕ್ಕಲ್ಲ. ಗೇಟಿನ ಎದುರು ತರಕಾರಿ ಮಾರೋ ಮಾಮಾ ಮ್ಬೋಗಾ ಹಿಂದಿನ ಖಾಲಿ ಜಾಗದಲ್ಲಿ ಎಂಟು ಹತ್ತು ಚೀಲ ಇಟ್ಟಿದ್ದಾರೆ. ಮೊದಲ ಬಕೆಟ್ ತಗೊಂಡು ಹೋದಾಗ ಮೂಗು ಮುಚ್ಚಿಕೊಳ್ಳೋಕೆ ಕೈ ಎತ್ತಿದವರು ಅರ್ಧದಲ್ಲೇ ನಿಲ್ಲಿಸಿ, "ಇದು ಉಜಿ ವಾಸನೆ!" ಅಂತ ನಕ್ಕರು. ಉಜಿ ಅಂದರೆ ಹಿಟ್ಟು ಹುಳಿ ಬರಿಸಿ ಕಾಯಿಸೋ ಗಂಜಿ, ನಮ್ಮ ಅಂಬಲಿ. ಅದಕ್ಕೆ ಹಾಕೋ ವಿಂಬಿ ನಮ್ಮ ರಾಗಿಯೇ. ರಾಗಿಯ ತವರು ಪೂರ್ವ ಆಫ್ರಿಕಾದ ಈ ಎತ್ತರದ ನಾಡೇ. ಅವರಿಗೆ ವಿವರಿಸೋ ಕಷ್ಟ ಉಳಿಯಿತು. ಈಗ ಖಾಲಿ ಬಕೆಟ್ ವಾಪಸ್ ಬರುವಾಗ ಅದರಲ್ಲಿ ಒಂದು ಕಟ್ಟು ಸೊಪ್ಪು ಇರುತ್ತೆ. ನಾವು ಕೇಳಿದ್ದಲ್ಲ, ಬೇಡ ಅಂದರೂ ಕೇಳೋದಿಲ್ಲ. ಇನ್ನೊಂದು ಮಾತು, ಹುಳಿ ಕಸ ಹಾಕಿದ ಚೀಲದ ಪಕ್ಕ ಅವರು ಹಾಕದ ಎರಡು ಚೀಲ ಬಿಟ್ಟಿದ್ದರು, ಹೋಲಿಸಿ ನೋಡೋಕೆ. ಹೇಳಿಕೊಡದೆ ಮಾಡಿದ್ದು. ನಮಗೆ ಅದು ಹೊಳೆದಿರಲಿಲ್ಲ.

ದೊಡ್ಡ ಮಟ್ಟದಲ್ಲಿ ಇದು ಆಗುತ್ತಾ ಅಂತ ಕೇಳೋರಿಗೆ: ಬೇರೆ ದಾರಿಯಲ್ಲಿ ಆಗ್ತಾ ಇದೆ. ಮುಕುರು ಬಸ್ತಿಯಲ್ಲಿ 2011ರಲ್ಲಿ ಶೌಚಾಲಯಗಳಿಂದ ಶುರು ಮಾಡಿದ ಸಾನರ್ಜಿ ಸಂಸ್ಥೆಯ ಗೊಬ್ಬರದ ಕೆಲಸ ಈಗ ರೀಜೆನ್ ಆರ್ಗಾನಿಕ್ಸ್ ಹೆಸರಿನಲ್ಲಿ ನಡೀತಾ ಇದೆ. ಆಥಿ ರಿವರ್ ಆಚೆ ಕಿನಾನಿಯಲ್ಲಿ ಕಾರ್ಖಾನೆ. ಮಲ ಮತ್ತು ಹಸಿ ಕಸವನ್ನು ಕಪ್ಪು ಸೈನಿಕ ನೊಣದ ಹುಳುಗಳಿಗೆ ತಿನ್ನಿಸಿ, ಹುಳುವನ್ನು ಕೋಳಿ ಮೇವಿಗೂ, ಉಳಿದದ್ದನ್ನು ಗೊಬ್ಬರಕ್ಕೂ ಮಾಡುತ್ತಾರೆ. ಕಿಬೇರಾದ ಕಟ್ವೆಕೇರಾದಲ್ಲಿ ಉಮಾಂಡೆ ಟ್ರಸ್ಟಿನವರು ಕಟ್ಟಿಸಿದ ತೋಷಾ ಬಯೋಸೆಂಟರಿನಲ್ಲಿ ಕೆಳಗೆ ಶೌಚದ ಗುಂಡಿ, ಅದರ ಗ್ಯಾಸಿನಿಂದ ಮೇಲೆ ಅಡುಗೆ. ಗೋಬರ್ ಗ್ಯಾಸ್ ಇದ್ದ ಮನೆಯಿಂದ ಬಂದವರಿಗೆ ಇದೇನೂ ಹೊಸದಲ್ಲ. 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಶುರು ಮಾಡಿದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗ್ಯಾಸ್ ಘಟಕ ಮಾಡಿ, ದೀಪ ಹಚ್ಚಿ, ನೀರೆತ್ತಿ, ಸಗಣಿ ಕೊಟ್ಟವರಿಗೆ ಬಗ್ಗಡ ವಾಪಸ್ 
ಕೊಡ್ತಿತ್ತು. ಗ್ಯಾಸ್ ಹೋದರೂ ಸಾರಜನಕ ಬಗ್ಗಡದಲ್ಲೇ ಉಳಿಯುತ್ತೆ.

ಬೆಂಗಳೂರಿನವರು ಈ ಪಾಠವನ್ನು ಕಷ್ಟಪಟ್ಟೇ ಕಲಿತರು. ಮಂಡೂರಿನ ಜನ ನಿಮ್ಮ ಕಸ ನಮಗೆ ಬೇಡ ಅಂತ ರಸ್ತೆಗೆ ಅಡ್ಡ ಕೂತು, 2014ರಲ್ಲಿ ಅಲ್ಲಿಗೆ ಲಾರಿ ಹೋಗೋದು ನಿಂತಿತು; ಇಂಥ ಗದ್ದಲಗಳ ನಡುವೆ ತಾನೇ ಹಸಿ ಕಸ, ಒಣ ಕಸ ಅನ್ನೋ ಮಾತು ಮನೆಮನೆಗೆ ಬಂದಿದ್ದು? ಡಂಡೋರಾದ ಜನ ರಸ್ತೆಗೆ ಅಡ್ಡ ಕೂತರೆ ನಾವು ಅವರನ್ನು ದೂರೋ ಹಾಗಿಲ್ಲ.

ನಮ್ಮ ಮನೆಯ ಲೆಕ್ಕ ಹೇಳೋದಾದರೆ, ವಾರಕ್ಕೆ ಒಂದು ಬಕೆಟ್ ತುಂಬುತ್ತೆ. ತುಂಬಿದ್ದು ಕಾಯುವಾಗ ಎರಡನೆಯದೂ ಮೂರನೆಯದೂ ಬೇಕು, ಚಳಿಗಾಲದಲ್ಲಿ ನಾಲ್ಕನೆಯದೂ ಬೇಕು. ಲಾರಿಗೆ ಹೋಗೋ ಚೀಲ ಒಣಗಿರುತ್ತೆ, ನಾರೋದಿಲ್ಲ. ಮೊದಲು ಇಲಿ ಬರ್ತಾವೆ ಅಂತ ವಾರ ವಾರ ಬಾಗಿಲು ತಟ್ಟುತ್ತಿದ್ದ ಕೇರ್‌ಟೇಕರ್ ಈಗ ಬರೋದು ಬಾಡಿಗೆಗೆ ಮಾತ್ರ.

ಸಣ್ಣ ಮಳೆ ಅಕ್ಟೋಬರಿನಲ್ಲಿ ಶುರು. ಆಗ ನೆಡಬೇಕು ಅಂದರೆ ಮಣ್ಣಿಗೆ ಸೆಪ್ಟೆಂಬರ್ ಮೊದಲ ವಾರ ಸೇರಿಸಬೇಕು. ಹಾಗಿದ್ದರೆ ಬಕೆಟ್ ಆಗಸ್ಟ್ ಮೊದಲ ವಾರವೇ ಶುರು ಆಗಬೇಕು. ಬೂಸಾ ಮಾಡಿಕೊಳ್ಳೋಕೆ ಈಗ ಹೊತ್ತಿಲ್ಲದವರಿಗೆ ನಾವು ಮಾಡಿಟ್ಟಿದ್ದೇವೆ. ತಿಂಗಳ ಕೊನೆಯ ಭಾನುವಾರದ ಊಟಕ್ಕೆ ಬರುವಾಗ ಮುಚ್ಚಳ ಇರೋ ಒಂದು ಡಬ್ಬಿ ತನ್ನಿ. ಮನೆಗೆ ಒಂದು ಕಿಲೋ ಲೆಕ್ಕ, ಬೂಸಾ ಮತ್ತು ಕಾಕಂಬಿಗೆ ಬಿದ್ದ ದುಡ್ಡು ಮಾತ್ರ. ಊಟದ ಮನೆಯ ಎಲೆ, ಸಿಪ್ಪೆಗೂ ಅವತ್ತು ಎರಡು ಬಕೆಟ್ ಇಟ್ಟಿರುತ್ತೀವಿ. ಬಡಿಸೋರ ಜೊತೆಗೆ ಬಕೆಟ್ ಹತ್ತಿರ ನಿಲ್ಲೋದಕ್ಕೆ ಇಬ್ಬರು ಬೇಕಾಗಿದ್ದಾರೆ.